ಗುಂಡಿಯಪ್ಪನ ಗುಂಡಿ

ಬೆರಳು ಒದ್ದೆಯಾಗಿದ್ದರೆ ಗಾಜಿನ ಪರದೆಗೆ ಮುಟ್ಟಿದ್ದು ತಿಳಿಯುವುದಿಲ್ಲ ಎಂದು ಯಂತ್ರದ ಜೊತೆ ಕೊಟ್ಟ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ವಿದ್ಯುತ್ ಚಿತಾಗಾರಕ್ಕೆ ಬರುವವರ ಬೆರಳು ಒಣಗಿರುವುದಿಲ್ಲ ಎಂಬುದನ್ನು ಯಾವ ಪುಟದಲ್ಲೂ ಬರೆದಿರಲಿಲ್ಲ. ಗುಂಡಿಯಪ್ಪನ ಆ ದಿನದ ಪಡಿಪಾಟಲು ಶುರುವಾದದ್ದು ಅಲ್ಲಿಂದ.

ಗುಂಡಿಯಪ್ಪ ಎಂಬುದು ಅವನ ಹುಟ್ಟುಹೆಸರಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನು ಚಿತಾಗಾರದ ಮುಂಗೋಣೆಯಲ್ಲಿ ನಿಂತು, ಸತ್ತವರ ಅತಿ ಹತ್ತಿರದವರು ಯಾರೋ ಅವರ ಮೊಣಕೈ ಹಿಡಿದು ಗೋಡೆಯಲ್ಲಿದ್ದ ಹಸಿರು ಗುಂಡಿಯ ಬಳಿ ಕರೆದುಕೊಂಡು ಹೋಗಿ, "ಇಲ್ಲಿ ಒತ್ತಿ, ನಿಧಾನವಾಗಿ ಒತ್ತಿ" ಎನ್ನುತ್ತಿದ್ದ. ಗುಂಡಿ 'ಟಕ್' ಎನ್ನುತ್ತಿತ್ತು. ಎರಡು ಕ್ಷಣ ಬಿಟ್ಟು ಕಬ್ಬಿಣದ ಬಾಗಿಲು ಮೇಲೇಳುತ್ತಿತ್ತು, ಹಳಿಯ ಮೇಲಿನ ಹಲಗೆ ಒಳಗೆ ಸರಿಯುತ್ತಿತ್ತು, ಬಾಗಿಲು ಇಳಿಯುತ್ತಿತ್ತು. ಅಷ್ಟೇ ಕೆಲಸ. ಪಕ್ಕದ ಸ್ಮಶಾನದವರು ಸಿಕ್ಕಾಗಲೆಲ್ಲ, "ನಾವೂ ಗುಂಡಿಯವರೇ, ನೀನೂ ಗುಂಡಿಯವನೇ. ನಾವು ತೋಡೋದು, ನೀನು ಒತ್ತಿಸೋದು. ಬೆವರು ಮಾತ್ರ ನಮಗೆ" ಎಂದು ನಗುತ್ತಿದ್ದರು. ಹೆಸರು ಹಾಗೆ ಅಂಟಿಕೊಂಡಿತು. ಈಗ ಅವನ ಮಗಳೂ ಫೋನಿನಲ್ಲಿ ಅವನ ನಂಬರನ್ನು ಆ ಹೆಸರಿನಲ್ಲೇ ಇಟ್ಟುಕೊಂಡಿದ್ದಳು.

ಮೂರು ದಿನ ಚಿತಾಗಾರಕ್ಕೆ ಬೀಗ ಹಾಕಿ, ಕಂಪನಿಯವರು ಗೋಡೆಗೆ ಹೊಸ ಪರದೆ ಕೂರಿಸಿ ಹೋಗಿದ್ದರು. ಹಳೆಯ ಗುಂಡಿಯ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಬಿಗಿದಿದ್ದರು. ಬೆಳಿಗ್ಗೆ ಗುಂಡಿಯಪ್ಪ ಬಂದಾಗ ಪರದೆ ಹೊಸ ಅಳಿಯನ ಹಾಗೆ ಗೋಡೆಗೊರಗಿ ಥಳಥಳ ಹೊಳೆಯುತ್ತಿತ್ತು. ಗೋಡೆಯ ಹಿಂದಿನ ಕೋಣೆಯಲ್ಲಿ ಒಲೆಯಣ್ಣ ಕೈಕಟ್ಟಿ ಕೂತಿದ್ದ. ಕುಲುಮೆಯ ಉಸ್ತುವಾರಿ ಅವನದು. ಹಿಂದಿನ ಗೋಡೆಯ ದೊಡ್ಡ ಸ್ವಿಚ್ಚು, ಉರಿಯ ಹದ, ಬೂದಿ ತೆಗೆಯುವುದು, ಎಲ್ಲವೂ ಅವನದೇ. ಕಳೆದ ಹದಿನೆಂಟು ವರ್ಷಗಳಲ್ಲಿ ಅವನು ಒಂದು ದಿನ ರಜೆ ಹಾಕಿರಲಿಲ್ಲ. ಜ್ವರ ಬಂದರೆ ಕಂಬಳಿ ಹೊದ್ದು ಬರುತ್ತಿದ್ದ. ಅವನಿಗೆ ಮನೆಯಲ್ಲಿ ಜಗಳವಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಹೊಸ ಯಂತ್ರ ಎಲ್ಲವನ್ನೂ ತಾನೇ ನೋಡಿಕೊಳ್ಳುವುದರಿಂದ ಅಂದು ಅವನ ಕೊನೆಯ ದಿನ. ಸಂಜೆ ಆ ಸ್ವಿಚ್ಚನ್ನೂ ಕಿತ್ತುಹಾಕುವವರಿದ್ದರು.

"ಏನಣ್ಣ, ಬೇಜಾರಾ?" ಎಂದು ಗುಂಡಿಯಪ್ಪ ಕೇಳಿದ.

"ನೋಡೋಣ ಇರು," ಎಂದ ಒಲೆಯಣ್ಣ. ಒಂದು ವಾರಕ್ಕಾಗುವಷ್ಟು ಮಾತು ಅವನಿಗೆ ಅದು.

ಒಂಬತ್ತೂವರೆಗೆ ಮೊದಲ ಮನೆಯವರು ಬಂದರು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಅಪ್ಪ ಹಲಗೆಯ ಮೇಲಿದ್ದ. ಹಿರಿಯ ಮಗ ಬಾಗಿಲಿನಷ್ಟು ಅಗಲವಾದ ಆಳು, ತಲೆಯ ಮೇಲೆ ಒಂದು ಕೂದಲಿಲ್ಲ. ಮಗುವಿನ ಹಾಗೆ ಅಳುತ್ತಿದ್ದ. ಗುಂಡಿಯಪ್ಪ ಅವನನ್ನು ಪರದೆಯ ಮುಂದೆ ನಿಲ್ಲಿಸಿದ.

ಪರದೆ ಬೆಳಗಿತು. 'ನಮಸ್ಕಾರ. ಭಾಷೆ ಆಯ್ದುಕೊಳ್ಳಿ' ಎಂದಿತು. ಅದು ಆಯಿತು. 'ಪ್ರಾರಂಭಿಸಬೇಕೆ?' ಎಂದು ಕೇಳಿ, ಕೆಳಗೆ 'ಹೌದು', 'ಬೇಡ' ಎಂಬ ಎರಡು ಚೌಕಗಳನ್ನು ಇಟ್ಟಿತು. ಹಿರಿಯ ಮಗ ಕಣ್ಣೊರೆಸಿಕೊಂಡು, ಅದೇ ಬೆರಳಿನಿಂದ 'ಹೌದು' ಎಂಬುದನ್ನು ಮುಟ್ಟಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಮುಟ್ಟಿದ. ಒದ್ದೆ ಬೆರಳು ಗಾಜಿನ ಮೇಲೆ ಜಾರಿ 'ಬೇಡ' ಎಂಬುದರ ಮೇಲೆ ಹೋಗಿ ನಿಂತಿತು. 'ಕಾರ್ಯ ರದ್ದಾಗಿದೆ' ಎಂದಿತು ಪರದೆ.

"ಅಪ್ಪನಿಗೇ ಹೋಗೋಕೆ ಇಷ್ಟ ಇಲ್ಲ ಅನ್ಸುತ್ತೆ ಕಣೋ," ಎಂದ ಕಿರಿಯವನು.

ಆ ಮಾತಿಗೆ ಹಿರಿಯವನ ಅಳು ಇಮ್ಮಡಿಯಾಯಿತು. ಅಳು ಹೆಚ್ಚಿದಷ್ಟೂ ಬೆರಳು ಒದ್ದೆಯಾಯಿತು, ಬೆರಳು ಒದ್ದೆಯಾದಷ್ಟೂ ಪರದೆ ಬೇಡವೆಂದಿತು, ಪರದೆ ಬೇಡವೆಂದಷ್ಟೂ ಅಳು ಹೆಚ್ಚಿತು. ಗುಂಡಿಯಪ್ಪ ತನ್ನ ಅಂಗಿಯ ಚುಂಗಿನಿಂದ ಅವನ ಬೆರಳನ್ನು ಒರೆಸಿದ. ಅಂಗಿ ಬೆವರಿಗೆ ಮೊದಲೇ ತೊಯ್ದಿತ್ತು.

ಅಷ್ಟರಲ್ಲಿ ರಿಜಿಸ್ಟರ್ ಮೇಡಂ ಎದ್ದು ಬಂದರು. ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರ ಹೆಸರು ಬರೆಯುವುದು ಅವರ ಕೆಲಸ. ಎಲ್ಲರ ಕೆಲಸಕ್ಕೂ ಸಲಹೆ ಕೊಡುವುದು ಅವರ ಸ್ವಭಾವ. "ಊದಿ, ಬೆರಳಿಗೆ ಚೆನ್ನಾಗಿ ಊದಿ," ಎಂದರು. ಊದಿದ್ದಾಯಿತು. "ಹಾಗಲ್ಲ, ಕೂದಲಿಗೆ ಉಜ್ಜಿ. ನಮ್ಮನೆಯವರು ಫೋನಿಗೆ ಹಾಗೇ ಮಾಡೋದು," ಎಂದರು.

ಹಿರಿಯವನು ತನ್ನ ಬೋಳುತಲೆಯನ್ನು ಮುಟ್ಟಿ ನೋಡಿಕೊಂಡ. ಆಗ ಕಿರಿಯವನು ಅಣ್ಣನ ಮುಂದೆ ತಲೆ ಬಗ್ಗಿಸಿ ನಿಂತ. ಅಣ್ಣ ತಮ್ಮನ ಕೂದಲಿಗೆ ಬೆರಳನ್ನು ಉಜ್ಜಿ, ಉಜ್ಜಿ, ಕೊನೆಗೆ ಆ ತಲೆಯನ್ನೇ ಎದೆಗವುಚಿಕೊಂಡು ನಿಂತುಬಿಟ್ಟ. ಗುಂಡಿಯಪ್ಪ ಗೋಡೆಯ ಕಡೆ ತಿರುಗಿದ.

ಅಂತೂ ಪರದೆ ಒಪ್ಪಿತು. ಬಾಗಿಲು ಎದ್ದಿತು, ಅಪ್ಪ ಒಳಗೆ ಹೋದ. ಬಾಗಿಲು ಇಳಿದ ಕೂಡಲೇ ಪರದೆಯಿಂದ 'ಟಿಂಗ್' ಎಂದು ಸದ್ದು ಬಂತು. 'ಧನ್ಯವಾದ. ಮತ್ತೆ ಬನ್ನಿ' ಎಂದು ಹೆಣ್ಣುದನಿಯೊಂದು ಉಲಿಯಿತು.

"ಬರ್ತೀವಿ," ಎಂದ ಹಿರಿಯ ಮಗ, ಮೂಗೊರೆಸಿಕೊಳ್ಳುತ್ತ.

ಪರದೆ ಅಷ್ಟಕ್ಕೂ ಬಿಡಲಿಲ್ಲ. 'ನಿಮ್ಮ ಅನುಭವ ಹೇಗಿತ್ತು?' ಎಂದು ಐದು ನಕ್ಷತ್ರ ತೋರಿಸಿತು. ಏನನ್ನಾದರೂ ಮುಟ್ಟದೆ ಅದು ಮುಂದೆ ಹೋಗುವಂತಿರಲಿಲ್ಲ. ಐದು ಕೊಟ್ಟರೆ ಅಪ್ಪ ಸತ್ತದ್ದಕ್ಕೆ ಸಂತೋಷಪಟ್ಟ ಹಾಗಾಗುತ್ತದೆ ಎಂದಳು ಮಗಳು. ಒಂದು ಕೊಟ್ಟರೆ ಈ ಯಜಮಾನರ ಕೆಲಸಕ್ಕೆ ತೊಂದರೆಯಾಗಬಹುದು ಎಂದ ಕಿರಿಯವನು. ಬಹಳ ಹೊತ್ತು ಯೋಚಿಸಿ ಮೂರು ಕೊಟ್ಟು ಹೋದರು.

ಗುಂಡಿಯಪ್ಪ ಕಂಪನಿಗೆ ಫೋನು ಮಾಡಿದ. ಹನ್ನೊಂದಕ್ಕೆ ಎಂಜಿನಿಯರಮ್ಮ ಬಂದಳು. ನಲವತ್ತೈದರ ಹೆಂಗಸು, ಕುತ್ತಿಗೆ ನೋವಿಗೆ ಪಟ್ಟಿ ಕಟ್ಟಿಕೊಂಡಿದ್ದರಿಂದ ಮೈಯನ್ನೇ ತಿರುಗಿಸಿ ಮಾತಾಡುತ್ತಿದ್ದಳು. ಎಲ್ಲವನ್ನೂ ಕೇಳಿ, ನಾಚಿಕೆಯಿಂದಲೇ ಹೇಳಿದಳು: "ಅದು... ಈ ಪರದೆ ಮೊದಲು ಬ್ರೆಡ್ ಮಾಡೋ ಬೇಕರಿ ಒಲೆಗೆ ಅಂತ ಮಾಡಿದ್ದು. ಒಲೆ ಒಲೆಯೇ ಅಲ್ವಾ ಅಂತ ನಮ್ಮ ಆಫೀಸಿನೋರು ಇಲ್ಲಿಗೂ ಕಳಿಸಿದಾರೆ. ಆ 'ಮತ್ತೆ ಬನ್ನಿ'ನ ನಾನಾಗಿ ತೆಗೆಯೋಕಾಗಲ್ಲ. ಎರಡು ವಾರ ಆಗುತ್ತೆ."

"ಎರಡು ವಾರ ನಾನು ಎಲ್ಲರಿಗೂ ಏನು ಹೇಳ್ಲಮ್ಮ?"

"ಸೌಂಡ್ ಬರೋ ಕಡೆ ಕೈ ಇಟ್ಕೊಳಿ," ಎಂದಳು ಅವಳು. ಹಿಂದಿನ ಸ್ವಿಚ್ಚು ಕೀಳುವುದು ಹೇಗೂ ಇದ್ದುದರಿಂದ ಅಲ್ಲೇ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿದಳು.

ಹನ್ನೆರಡಕ್ಕೆ ಎರಡನೆಯ ಸರದಿ. ಸತ್ತವನ ಜೊತೆ ಅವನ ಹೆಂಡತಿ, ಅಕ್ಕಪಕ್ಕದ ಮನೆಯ ನಾಲ್ಕು ಹೆಂಗಸರು. ಹೆಂಡತಿ ನಲವತ್ತು ವರ್ಷ ಮನೆಮನೆಗಳ ಪಾತ್ರೆ ತಿಕ್ಕಿದವಳು. ಅವಳು ಅಳುತ್ತಿರಲಿಲ್ಲ. ಬೆರಳು ಒಣಗಿದೆಯೆಂದು ಗುಂಡಿಯಪ್ಪ ನಿಟ್ಟುಸಿರುಬಿಟ್ಟ. ಆದರೆ ಆ ಬೆರಳಿನ ತುದಿ ಸವೆದು ಸವೆದು ಚಪ್ಪಲಿಯ ಅಟ್ಟೆಯಂತಾಗಿತ್ತು. ಅವಳು 'ಹೌದು' ಎಂಬುದನ್ನು ಮುಟ್ಟಿದಳು. ಪರದೆಗೆ ಗೊತ್ತಾಗಲಿಲ್ಲ. ಒತ್ತಿದಳು. ಗೊತ್ತಾಗಲಿಲ್ಲ. ಐದು ಬೆರಳುಗಳನ್ನೂ ಒಂದೊಂದಾಗಿ ಇಟ್ಟು ನೋಡಿದಳು. 'ಸ್ಪರ್ಶ ಸಿಗುತ್ತಿಲ್ಲ' ಎಂದು ಬರೆಯಿತು ಪರದೆ.

"ಏನಂತೆ?" ಎಂದು ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಪಕ್ಕದ ಮನೆಯವಳು ಓದಿ ಹೇಳಿದಳು: "ನೀನು ಮುಟ್ತಾ ಇರೋದು ಅದಕ್ಕೆ ಗೊತ್ತಾಗ್ತಿಲ್ವಂತೆ."

"ಓ," ಎಂದಳು ಹೆಂಡತಿ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಹಂಗಾದ್ರೆ ಬೇರೆ ಯಾರಾದ್ರೂ ಕಳಿಸಿಬಿಡಿ. ನನ್ನ ಕೈ ಇಷ್ಟೇ."

ಆ ಮಾತು ಕೇಳಿದ ಮೇಲೆ ಗುಂಡಿಯಪ್ಪ ನಿಯಮ ನೋಡಲಿಲ್ಲ. ಹೊರಗೆ ಹೋಗಿ ಎಂಜಿನಿಯರಮ್ಮನ ಚೀಲದಿಂದ ಸ್ಕ್ರೂಡ್ರೈವರ್ ತಂದು ಹಳೆಯ ಗುಂಡಿಯ ಮುಚ್ಚಳ ಬಿಚ್ಚಿದ. ಅವನ ಲೆಕ್ಕಾಚಾರ ಇಷ್ಟೇ: ಅವಳು ಗುಂಡಿ ಒತ್ತಲಿ, ಅದೇ ಕ್ಷಣದಲ್ಲಿ ತಾನು ಬೆನ್ನಹಿಂದೆ ಕೈಚಾಚಿ ಪರದೆ ಮುಟ್ಟಿಬಿಡುವುದು. ಅವಳಿಗೆ ತಾನೇ ಕಳಿಸಿದ ಸಮಾಧಾನ, ಯಂತ್ರಕ್ಕೆ ಅದರ ಹೌದು. "ಇಲ್ಲಿ ಒತ್ತಿ ಅಮ್ಮ," ಎಂದ.

ಅವಳು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು. ಸಾವಿರಾರು ಹೆಬ್ಬೆರಳು ಒತ್ತಿ ಒತ್ತಿ ಗುಂಡಿಯ ನಡುವೆ ಒಂದು ಕುಳಿ ಬಿದ್ದಿತ್ತು. ಅವಳ ಬೆರಳು ಆ ಕುಳಿಯಲ್ಲಿ ಹೋಗಿ ಕೂತಿತು. ಟಕ್.

ಗುಂಡಿಯಪ್ಪ ಹಿಂದೆ ಕೈಚಾಚಿ ಪರದೆ ಮುಟ್ಟಿದ. ತಿರುಗಿ ನೋಡಿದರೆ, ಪರದೆ ಮುನಿಸಿಕೊಂಡ ಅತ್ತೆಯ ಹಾಗೆ ಕಪ್ಪಾಗಿ ಕೂತಿತ್ತು: 'ಹಲವು ಬಾರಿ ತಪ್ಪಾಗಿದೆ. ಹತ್ತು ನಿಮಿಷದ ನಂತರ ಪ್ರಯತ್ನಿಸಿ.' ಆದರೆ ಅಷ್ಟರಲ್ಲಿ ಬಾಗಿಲು ತಾನಾಗಿ ಮೇಲೆದ್ದಿತು. ಹಲಗೆ ಒಳಗೆ ಸರಿಯಿತು. ಕುಲುಮೆ ಗುಂಯ್ ಎಂದಿತು.

"ಹೋದ್ರಾ?" ಎಂದಳು ಹೆಂಡತಿ.

"ಹೋದ್ರಮ್ಮ. ನೀವೇ ಕಳಿಸಿದ್ರಿ."

ಅವಳು ಗುಂಡಿಯನ್ನು ಅಂಗೈಯಿಂದ ಒಮ್ಮೆ ಸವರಿ, ಆಗ ಅತ್ತಳು.

ಹಳೆಯ ಗುಂಡಿ ಇನ್ನೂ ಜೀವಂತವಾಗಿದೆ. ಗುಂಡಿಯಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಂಪನಿಯವರು ಅದರ ತಂತಿ ತೆಗೆಯಲು ಮರೆತಿದ್ದಾರೆ, ದೇವರು ದೊಡ್ಡವನು ಎಂದುಕೊಂಡ. ಆದರೆ ರಿಜಿಸ್ಟರ್ ಮೇಡಂ ಎಲ್ಲವನ್ನೂ ನೋಡಿದ್ದರು, ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರಿಗೆ ಅಭ್ಯಾಸವಿರಲಿಲ್ಲ. ಅವರು ಫೋನು ಮಾಡಿದ್ದೇ, ಒಂದು ಗಂಟೆಗೆ ಚಿತಾಗಾರದ ಮೇಲಧಿಕಾರಿ ಸಾಹೇಬರ ಗಾಡಿ ಬಂದು ನಿಂತಿತು.

"ಹೊಸ ಯಂತ್ರ ಹಾಳು ಮಾಡಿದ್ಯಂತೆ," ಎಂದರು ಸಾಹೇಬರು.

"ಹಾಳು ಮಾಡಿಲ್ಲ ಸಾಹೇಬ್ರೆ. ಅದು ಇರ್ಲಿ, ಬೇಡ ಅನ್ನಲ್ಲ. ಇದೂ ಇರ್ಲಿ ಅಂತಷ್ಟೇ. ಗಾಜು ಮುಟ್ಟಿದ್ರೆ ಏನೂ ಮಾಡಿದ ಹಾಗೇ ಅನ್ಸಲ್ಲ. ಇದು ಒತ್ತಿದ್ರೆ ಕೈಗೆ ಗೊತ್ತಾಗುತ್ತೆ. ಒಳಗೆ ಹೋಗುತ್ತೆ, ಟಕ್ ಅನ್ನುತ್ತೆ, ಮುಗೀತು ಅನ್ನುತ್ತೆ." ಅವನು ಗುಂಡಿಯ ಮೇಲೆ ಕೈಯಿಟ್ಟ. "ಆರು ವರ್ಷದ ಹಿಂದೆ ನನ್ನ ಹೆಂಡ್ತಿನ ನಾನೇ ಇದೇ ಗುಂಡಿ ಒತ್ತಿ ಕಳಿಸ್ದೆ. ಕೈ ನಡುಗಲಿಲ್ಲ. ಆ ಒಂದು ಕೆಲಸನಾದ್ರೂ ಅವಳಿಗೆ ನೆಟ್ಟಗೆ ಮಾಡಿದೆ ಅಂತ ಮಲಗಿದ್ರೆ ನಿದ್ದೆ ಬರುತ್ತೆ. ಅದನ್ನ ಬೇರೆಯವರಿಗೆ ಇಲ್ಲ ಅನ್ನಬೇಡಿ."

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಎಂಜಿನಿಯರಮ್ಮನ ಕಡೆ ನೋಡಿದರು. "ಎರಡೂ ಇಟ್ಕೊಳಕ್ಕಾಗುತ್ತಾ?"

"ಯಾಕಾಗಲ್ಲ ಸಾರ್, ಗುಂಡಿ ಕೆಲಸ ಮಾಡ್ತಿದೆ ಅಂದ್ರೆ ಅದರ ಲೈನನ್ನ ನಮ್ಮ ಯಂತ್ರಕ್ಕೆ ಸೇರಿಸಿದ್ರಾಯ್ತು. ಹತ್ತು ನಿಮಿಷದ ಕೆಲಸ," ಎಂದು ಅವಳು ಗುಂಡಿಯ ತಗಡನ್ನು ಗೋಡೆಯಿಂದ ಬಿಡಿಸಿದಳು. ಟಾರ್ಚು ಹಾಕಿ ಒಳಗೆ ನೋಡಿದಳು. ಕುತ್ತಿಗೆ ತಿರುಗದ್ದರಿಂದ ಮೈಯನ್ನೆಲ್ಲ ತಿರುಗಿಸಿ ಮತ್ತೆ ನೋಡಿದಳು.

"ಇದಕ್ಕೆ ಲೈನೇ ಇಲ್ವಲ್ಲ."

ಗುಂಡಿಯ ಹಿಂದೆ ಗೇಣುದ್ದದ ಎರಡು ತಂತಿಗಳು ಒಣಗಿದ ಹಲ್ಲಿಯ ಬಾಲದ ಹಾಗೆ ಜೋತಾಡುತ್ತಿದ್ದವು. ತುದಿಗೆ ಸುತ್ತಿದ್ದ ಕಪ್ಪು ಟೇಪು ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು. "ಇದು ಈಗ ಕತ್ತರಿಸಿದ್ದಲ್ಲ. ಹದಿನೈದಿಪ್ಪತ್ತು ವರ್ಷ ಆಗಿರಬೇಕು. ಈ ಗುಂಡಿ ಎಲ್ಲಿಗೂ ಹೋಗ್ತಿಲ್ಲ," ಎಂದಳು.

"ಮತ್ತೆ ಈಗ ಒಂದು ಗಂಟೆ ಮುಂಚೆ?" ಎಂದ ಗುಂಡಿಯಪ್ಪ.

ಹಿಂದಿನ ಕೋಣೆಯ ಬಾಗಿಲು ತೆರೆದು ಒಲೆಯಣ್ಣ ಬಂದು ನಿಂತ. "ಟಕ್ ಅಂತು, ಸ್ವಿಚ್ಚು ಹಾಕಿದೆ," ಎಂದ. "ಅಭ್ಯಾಸ."

ಮಿಕ್ಕದ್ದನ್ನು ಒಂದೊಂದಾಗಿ ಎಳೆದು ತೆಗೆಯಬೇಕಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಒಬ್ಬ ತಾಯಿ ತೀರಿಹೋದ ಮಗಳನ್ನು ತಂದಿದ್ದಳು. ಗುಂಡಿಯ ಮೇಲೆ ಬೆರಳಿಟ್ಟು ಮುಕ್ಕಾಲು ಗಂಟೆ ನಿಂತಿದ್ದಳು. ಒತ್ತಲಾಗಲಿಲ್ಲ, ಬೆರಳು ತೆಗೆಯಲೂ ಆಗಲಿಲ್ಲ. ಕೊನೆಗೆ ಒತ್ತಿದಳು. ಒತ್ತಿದ ಕೂಡಲೇ, ನಿಲ್ಲಿಸಿ, ನಿಲ್ಲಿಸಿ ಎಂದು ಬಾಗಿಲನ್ನು ಬಡಿದಳು. ನಿಲ್ಲಿಸುವ ಗುಂಡಿ ಇರಲಿಲ್ಲ. ಆಮೇಲೆ ಒಂದು ವರ್ಷ ಅವಳು ಪ್ರತಿ ವಾರ ಬಂದು, ಅವತ್ತು ನಾನು ಒತ್ತಿದೆನಾ, ನಾನೇ ಒತ್ತಿದೆನಾ ಎಂದು ಗೇಟಿನಲ್ಲಿ ಕೇಳುತ್ತಿದ್ದಳು. ಒಲೆಯಣ್ಣ ಒಂದು ಸಂಜೆ ತಂತಿ ಕತ್ತರಿಸಿದ. ಮುಂದಿನ ವಾರ ಅವಳು ಬಂದಾಗ, ಗುಂಡಿಯಪ್ಪ ಇಲ್ಲದ ಹೊತ್ತಿನಲ್ಲಿ ಒಳಗೆ ಕರೆದು ತೋರಿಸಿ, ಇದಕ್ಕೆ ತಂತಿಯೇ ಇಲ್ಲಮ್ಮ, ಕಳಿಸಿದ್ದು ನಾನು ಎಂದ. ಅವಳು ಮತ್ತೆ ಬರಲಿಲ್ಲ. ಅಂದಿನಿಂದ ಎರಡು ಕೋಣೆಗಳ ನಡುವಿನ ಗಾಳಿಕಿಂಡಿಗೆ ಕಿವಿಗೊಟ್ಟು ಕೂತು, ಟಕ್ ಎಂದಾಗ ಅವನೇ ಹಿಂದಿನಿಂದ ಸ್ವಿಚ್ಚು ಹಾಕುತ್ತಿದ್ದ. ರಜೆ ಹಾಕಿದರೆ ಗುಟ್ಟು ರಟ್ಟಾಗುತ್ತಿತ್ತು.

ಸಾಹೇಬರು ತಗಡಿನ ಹಿಂದಿನ ತಂತಿಗಳನ್ನು ಬಗ್ಗಿ ನೋಡಿದರು. ಆಮೇಲೆ ಅಧಿಕಾರಿಗಳಿಗೆ ಮಾತ್ರ ಹೊಳೆಯುವಂಥ ಒಂದು ಉಪಾಯ ಅವರಿಗೆ ಹೊಳೆಯಿತು. "ಹದಿನೆಂಟು ವರ್ಷ ಯಾರೂ ದೂರು ಕೊಟ್ಟಿಲ್ಲ ಅಲ್ವಾ? ಹಾಗಿದ್ರೆ ಗುಂಡಿ ಹೀಗೇ ಇರಲಿ. ಲೈನ್ ಕೊಡಬೇಡಿ. ಪರದೆನ ತೆಗೆದು ಹಿಂದಿನ ಕೋಣೆಯಲ್ಲಿ ಹಾಕಿ. ಮುಂದೆ ಅವರು ಗುಂಡಿ ಒತ್ತಲಿ, ಹಿಂದೆ ನಮ್ಮವರು ಪರದೆ ಮುಟ್ಟಲಿ." ಗುಂಡಿಯಪ್ಪನ ಬೆನ್ನು ತಟ್ಟಿದರು. "ನಿನ್ನ ಮಾತು ನಡೀತು ನೋಡಪ್ಪ. ಒಲೆಯಣ್ಣ ಇವತ್ತು ಹೋಗ್ತಾನೆ. ಹಿಂದಿನ ಕುರ್ಚಿ ನಿನ್ನದು. ಮುಂದೆ ಜನರನ್ನ ಮೇಡಂ ನೋಡ್ಕೊಳ್ತಾರೆ."

ಮೇಡಂ ಆಗಲೇ ಸೀರೆ ಸರಿಪಡಿಸಿಕೊಂಡು ಗುಂಡಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

ಮೂರು ಗಂಟೆಗೆ ಪರದೆ ಹಿಂದಿನ ಕೋಣೆಗೆ ಬಂತು. ಒಲೆಯಣ್ಣ ತನ್ನ ತಟ್ಟೆ, ಲೋಟ, ಕಂಬಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಗುಂಡಿಯಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

"ಇಷ್ಟು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ ನೀನು."

"ನಿಂಗೆ ಗೊತ್ತಿರ್ಲಿಲ್ಲ, ಅದು ಸುಳ್ಳಾಗಲ್ಲ," ಎಂದ ಒಲೆಯಣ್ಣ. "ಇನ್ಮೇಲೆ ಆಗುತ್ತೆ."

"ನನ್ನ ಹೆಂಡ್ತಿನೂ ನೀನೇ ಕಳಿಸಿದ್ದಾ?"

"ಹೂಂ."

"ಆದ್ರೆ ಒತ್ತಿದ್ದು ನಾನು. ಟಕ್ ಅಂದಿತ್ತು. ಅದು ನಿಜ ತಾನೆ?"

ಒಲೆಯಣ್ಣ ಚೀಲದ ಬಾಯಿ ಕಟ್ಟಿದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. "ಟಕ್ ಅನ್ಲಿಲ್ಲ ಕಣೋ," ಎಂದ. "ಕಾದೆ. ಗಂಟೆ ಹತ್ತಿರ ಕಾದೆ. ಹೊರಗೆ ನಿನ್ನ ಮಗಳು ಕೂತಿದ್ಲು, ಕತ್ತಲಾಗ್ತಾ ಬಂತು. ನೀನು ಒತ್ತಲಿಲ್ಲ. ನಾನೇ ಹಾಕ್ದೆ."

ಗುಂಡಿಯಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಆರು ವರ್ಷದಿಂದ ನೆಟ್ಟಗಿದೆ ಎಂದುಕೊಂಡಿದ್ದ ಕೈ.

"ಅಷ್ಟೊತ್ತು ನಾನು ಏನ್ ಮಾಡ್ತಿದ್ದೆ?"

"ಅವಳ ಹತ್ರ ಮಾತಾಡ್ತಿದ್ದೆ. ಏನೋ ಡಬ್ಬಿ ವಿಷಯ. ಎರಡೂ ಡಬ್ಬಿ ಒಂದೇ ಥರ ಇದೆ, ಸಕ್ಕರೆ ಯಾವುದು, ಉಪ್ಪು ಯಾವುದು ಅಂತ ಕೇಳ್ತಿದ್ದೆ. ಅದನ್ನೇ ಕೇಳ್ತಿದ್ದೆ."

ಗುಂಡಿಯಪ್ಪನಿಗೆ ನಗು ಬಂತು. ನಗುತ್ತ ನಗುತ್ತ ಅದು ಎಲ್ಲಿ ಹೊರಳಿತೋ, ಗೋಡೆ ಹಿಡಿದುಕೊಂಡ. "ಇನ್ನೂ ಗೊತ್ತಿಲ್ಲ ಅಣ್ಣ. ದಿನಾ ಬೆಳಿಗ್ಗೆ ನಾಲಗೆ ಮೇಲಿಟ್ಟು ನೋಡ್ತೀನಿ."

ಒಲೆಯಣ್ಣ ಅವನ ಹೆಗಲನ್ನು ಒಮ್ಮೆ ಹಿಡಿದು ಬಿಟ್ಟ. ಕುರ್ಚಿಯನ್ನು ಗಾಳಿಕಿಂಡಿಯ ಕೆಳಗೆ ಸರಿಸಿ ಕೊಟ್ಟು, ಚೀಲ ಹೊತ್ತು ಹೊರಟುಹೋದ.

ನಾಲ್ಕೂಕಾಲಿಗೆ ದಿನದ ಕೊನೆಯ ಸರದಿ. ಗುಂಡಿಯಪ್ಪ ಪರದೆಯ ಮುಂದೆ ಕೂತು ಬೆರಳನ್ನು ಟವೆಲಿನಲ್ಲಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಗಾಳಿಕಿಂಡಿಯಿಂದ ಮೇಡಂ ದನಿ ಕೇಳಿತು: "ಇಲ್ಲಿ ಒತ್ತಿ, ನಿಧಾನವಾಗಿ." ಅವರ ಚಪ್ಪಲಿ ಸದ್ದು ದೂರವಾಯಿತು. ಟಕ್ ಬರಲಿಲ್ಲ. ಯಾರೋ ಒಬ್ಬ ಗಂಡಸು ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದ.

ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಆರಿಹೋಗುತ್ತಿತ್ತು. ಆರಿದರೆ ಮತ್ತೆ ಭಾಷೆ ಆಯ್ದುಕೊಳ್ಳುವುದರಿಂದ ಶುರು. ಅದು ಮಂಕಾಗತೊಡಗಿದಾಗ ಗುಂಡಿಯಪ್ಪ ಏನೂ ಬರೆದಿರದ ಒಂದು ಮೂಲೆಯನ್ನು ಮೆಲ್ಲಗೆ ಮುಟ್ಟಿದ. ಬೆಳಗಿತು. ಎರಡು ನಿಮಿಷ ಬಿಟ್ಟು ಮತ್ತೆ ಮುಟ್ಟಿದ.

ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಮೇಡಂ ಬಾಗಿಲಲ್ಲಿ ತಲೆ ಹಾಕಿದರು.

"ಏನ್ರೀ, ಹಾಕಿಬಿಡಬಾರದಾ? ಅವರು ಒತ್ತೋ ಹಾಗೆ ಕಾಣಲ್ಲ."

"ಮಾತಾಡ್ತಿದಾರೆ ಮೇಡಂ."

"ಯಾರ ಜೊತೆ? ಅಲ್ಲಿ ಅವರೊಬ್ಬರೇ ಇರೋದು."

"ಹೂಂ," ಎಂದ ಗುಂಡಿಯಪ್ಪ, ಪರದೆಯ ಮೂಲೆಯನ್ನು ಇನ್ನೊಮ್ಮೆ ಮುಟ್ಟುತ್ತ. "ಮುಗೀಲಿ."